ಕಬಗೇನಿ ಎಂಬ ಜಿಗಿಹುಳು

ರುಸೋಕೆ ಕುನಿಹೀರಳನ್ನು ‘ಅಬ್ವೋಲಿ’ ಎಂದು ಕರೆಯುವುದನ್ನು ಬಿಟ್ಟು ಆರು ವರ್ಷವಾಗಿತ್ತು. ತೋರೋ ನಾಡಿನಲ್ಲಿ ಹಾಲು ಮಾರುವವನಾಗಲಿ ಪೊಲೀಸಿನವನಾಗಲಿ, ಎದುರು ಸಿಕ್ಕವರ ಮುದ್ದು ಹೆಸರು ಕೇಳಿಕೊಂಡೇ ಮಾತಿಗಿಳಿಯುತ್ತಾರೆ. ಗೊತ್ತಿದ್ದೂ ಗೊತ್ತಿದ್ದೂ ರಿಜಿಸ್ಟರಿನ ಹೆಸರನ್ನು ಬೋಳಾಗಿ ಕೂಗುವುದೆಂದರೆ ಮುಖಕ್ಕೆ ಉಗಿದ ಹಾಗೆ. ಕಿಬಾಲೆ ಕಾಡಿನಂಚಿನ ಆ ಸಂಶೋಧನಾ ಕೇಂದ್ರದ ಜಗಲಿಯಲ್ಲಿ ನಿಂತು ಕೀಟ ವಿಭಾಗದ ಮುಖ್ಯಸ್ಥ ರುಸೋಕೆ ದಿನಕ್ಕೆ ನಾಲ್ಕು ಸಲ “ಕುನಿಹೀರಾ!” ಎಂದು ಕೂಗುತ್ತಿದ್ದ. ಅಂಗಳ ಗುಡಿಸುವವರು ಒಂದು ಕ್ಷಣ ಪೊರಕೆ ನಿಲ್ಲಿಸುತ್ತಿದ್ದರು.

ಅವಳೂ ಬಿಟ್ಟುಕೊಟ್ಟವಳಲ್ಲ. ಊರಿಗೆಲ್ಲ ಆತ ಅರಾಲಿ. ಅವಳ ಬಾಯಲ್ಲಿ ಮಾತ್ರ “ಡಾಕ್ಟರ್”. ಆ ಪದವನ್ನು ಅವಳು ಕಹಿ ಮಾತ್ರೆಯನ್ನು ಉಗುಳುವ ಹಾಗೆ ಉಗುಳುತ್ತಿದ್ದಳು.

ಜಗಳದ ಬೇರು ಒಂದು ಪುಸ್ತಕದಲ್ಲಿತ್ತು. ಆ ಕಾಡಿನ ಜಿಗಿಹುಳುಗಳ ಪಟ್ಟಿ; ಇನ್ನೂರ ಹನ್ನೆರಡು ಪ್ರಭೇದ, ಎಂಟು ವರ್ಷದ ದುಡಿಮೆ. ಹುಳು ಹಿಡಿದು, ಸೂಜಿಗೆ ಚುಚ್ಚಿ, ರೆಕ್ಕೆ ಬಿಡಿಸಿ, ಚೀಟಿ ಬರೆದು, ಮುಕ್ಕಾಲು ಪಾಲನ್ನು ಗುರುತಿಸಿದವಳು ಸಂಗ್ರಹಾಲಯ ನೋಡಿಕೊಳ್ಳುವ ಕುನಿಹೀರ. ಪುಸ್ತಕ ಬಂದಾಗ ಅವಳ ಹೆಸರು ಕೊನೆಯ ಪುಟದಲ್ಲಿತ್ತು, ಜೀಪಿನ ಚಾಲಕನಿಗೂ ಅಡುಗೆಯವಳಿಗೂ ವಂದನೆ ಹೇಳಿದ ಸಾಲಿನಲ್ಲಿ. ಕೇಳಲು ಹೋದರೆ ರುಸೋಕೆ ನಕ್ಕಿದ್ದ. “ಪಿನ್ನು ಚುಚ್ಚೋದು ಕೈ, ಗುರುತಿಸೋದು ತಲೆ. ಕೈಗೆ ಯಾರಾದ್ರೂ ಪುಸ್ತಕ ಬರೆದುಕೊಡ್ತಾರಾ?” ಮರುವರ್ಷ ಓದಿಗೆ ರಜೆ ಕೇಳಿದಳು. ಅದೇ ಮಾತನ್ನು ಅರ್ಜಿಯ ಮೇಲೆ ಇನ್ನಷ್ಟು ಸಭ್ಯವಾಗಿ ಬರೆದು ವಾಪಸು ಕಳಿಸಿದ.

ಆ ಮಾರ್ಚಿನಲ್ಲಿ ಮೊದಲ ಮಳೆ ಬಿದ್ದ ಮೇಲೆ ಕುನಿಹೀರ ಬಲೆ ಹಿಡಿದು ಕಾಡಿಗೆ ಹೊರಟಳು. ಜೊತೆಗೆ ಕಟೂರಾಮು. ಅರವತ್ತು ದಾಟಿದ ಮುದುಕ, ಕೇಂದ್ರಕ್ಕೆ ಹುಳು ಹಿಡಿದುಕೊಡುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದವನು. ಅವನ ಮುದ್ದು ಹೆಸರು ಅಪೂಲಿ. ತೊರೆಯ ದಂಡೆಯಲ್ಲಿ ಆಳೆತ್ತರ ಬೆಳೆದ ಕಾಡು ಏಲಕ್ಕಿಯ ಮೇಲೆ ಬಲೆ ಬೀಸಿದಾಗ ಅಕ್ಕಿಕಾಳಿನಷ್ಟು ಉದ್ದದ ಆರು ಹುಳು ಸಿಕ್ಕವು. ಹಸಿರು ಮೈ, ಗಾಜಿನಂಥ ರೆಕ್ಕೆ, ಮುಖದ ನಡುವೆ ಹಣೆಯಿಂದ ಬಾಯವರೆಗೆ ಒಂದು ಕಪ್ಪು ಗೆರೆ.

“ಕಬಗೇನಿ,” ಎಂದ ಕಟೂರಾಮು. “ನಿನ್ನ ಸಾಹೇಬನ ಅಮ್ಮ.”

ಹದಿನಾಲ್ಕು ವರ್ಷದ ಹಿಂದೆ ರುಸೋಕೆ ಈ ಪ್ರಭೇದವನ್ನು ಮೊದಲ ಬಾರಿಗೆ ವರ್ಣಿಸಿ, ಸತ್ತುಹೋದ ತನ್ನ ತಾಯಿಯ ಹೆಸರಿಟ್ಟಿದ್ದ. ಆತ ಹೆಸರಿಟ್ಟ ಹುಳು ಅದೊಂದೇ. ಅದರ ಚಿತ್ರ ಚೌಕಟ್ಟಿನೊಳಗೆ ಕೂತು ಅವನ ಕೋಣೆಯ ಗೋಡೆಯ ಮೇಲೆ ತೂಗುತ್ತಿತ್ತು. ಆಗ ಸಿಕ್ಕಿದ್ದು ಒಂದೇ ಗಂಡು. ಅಲ್ಲಿಂದೀಚೆಗೆ ಬಲೆಗೆ ಬಿದ್ದವೆಲ್ಲ ಹೆಣ್ಣುಗಳೇ.

ಈ ಆರೂ ಗಂಡು. ಕುನಿಹೀರ ಒಂದರ ಹೊಟ್ಟೆಯ ತುದಿ ಕತ್ತರಿಸಿ ಕಾಸ್ಟಿಕ್ ನೀರಿನಲ್ಲಿ ಕುದಿಸಿದಳು. ಮಾಂಸವೆಲ್ಲ ಕರಗಿ ಒಳಗಿನ ಗಟ್ಟಿ ಭಾಗ ಉಳಿದ ಮೇಲೆ ಗ್ಲಿಸರಿನ್ ತೊಟ್ಟಿನಲ್ಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟಳು. ಜಿಗಿಹುಳುಗಳ ಮುಖ ನಂಬುವ ಹಾಗಿಲ್ಲ. ಹತ್ತು ಪ್ರಭೇದಕ್ಕೆ ಒಂದೇ ಮುಖವಿದ್ದೀತು. ಗಂಡಿನ ಜನನಾಂಗ ಮಾತ್ರ ಸುಳ್ಳಾಡುವುದಿಲ್ಲ. ಪ್ರತಿ ಪ್ರಭೇದದ್ದೂ ಬೇರೆ. ರುಸೋಕೆಯ ಚಿತ್ರದಲ್ಲಿದ್ದದ್ದು ಗರಗಸದ ಹಲ್ಲಿನ ಒಂದೇ ಬಾಗಿದ ಕಡ್ಡಿ. ಇಲ್ಲಿ ಕಂಡದ್ದು ಮೇಲಕ್ಕೆ ಎದ್ದ ಎರಡು ನುಣುಪು ಕೊಕ್ಕೆ.

ಉಳಿದ ಐದನ್ನೂ ನೋಡಿದಳು. ಐದರಲ್ಲೂ ಎರಡು ಕೊಕ್ಕೆ. ರಾತ್ರಿಯೇ ಕೂತು ಆ ಕೊಕ್ಕೆಗಳ ಚಿತ್ರ ಬಿಡಿಸಿದಳು.

ಮರುದಿನ ಚಿತ್ರ ಹಿಡಿದು ರುಸೋಕೆಯ ಕೋಣೆಗೆ ಹೋದಳು. ಆತ ಕನ್ನಡಕ ತೆಗೆಯಲೂ ಇಲ್ಲ.

“ಕಬಗೇನಿ ಅದು. ಚೀಟಿ ಬರಿ, ಪೆಟ್ಟಿಗೆಗೆ ಹಾಕು.”

“ಕೊಕ್ಕೆ ಎರಡಿದೆ ಡಾಕ್ಟರ್. ನಿಮ್ಮ ಚಿತ್ರದಲ್ಲಿ ಒಂದೇ ಕಡ್ಡಿ.”

“ಗಂಡುಗಳಲ್ಲಿ ಅಷ್ಟು ಹೆಚ್ಚುಕಮ್ಮಿ ಇರುತ್ತೆ.”

“ಆರಕ್ಕೆ ಆರೂ ಒಂದೇ ಥರ ಹೆಚ್ಚುಕಮ್ಮಿ ಆಗುತ್ತಾ?”

“ನಿನಗೆ ಕುದಿಸೋಕೂ ಬರಲ್ಲ, ಅದನ್ನೇ ಕಲಿ ಮೊದಲು.” ಆಗ ತಲೆ ಎತ್ತಿದ. “ಏನು, ಹೊಸ ಪ್ರಭೇದ ಅಂತೀಯಾ? ನಿನ್ನ ಹೆಸರಲ್ಲಿ ಬರೀಬೇಕು ಅಂತೀಯಾ?”

“ಹೌದು. ನನ್ನ ಹೆಸರಲ್ಲೇ.”

ಆ ಸಂಜೆಯೊಳಗೆ ಒಳ್ಳೆಯ ಸೂಕ್ಷ್ಮದರ್ಶಕ “ರಿಪೇರಿಗೆ” ಎಂದು ರುಸೋಕೆಯ ಕೋಣೆ ಸೇರಿತು. ಅವಳು ಬರೆದ ಆರು ಚೀಟಿಗಳ ಮೇಲೂ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಬಿದ್ದು, ಕೆಳಗೆ ‘ಕಬಗೇನಿ’ ಎಂದು ಆತನ ದಪ್ಪ ಅಕ್ಷರ ಕೂತಿತು. ಅತಿಥಿಗೃಹದ ತೊಲೆಗೆ ಗೆದ್ದಲು ಹಿಡಿದಿದೆ, ವರದಿ ಬೇಕು ಎಂದು ಅವಳನ್ನು ಹತ್ತು ದಿನ ಅಲ್ಲಿಗೆ ಅಟ್ಟಿದ. ಚಹಾ ಹೊತ್ತಿಗೆ ಎಲ್ಲರೂ ಕೂತಿದ್ದಾಗ ಬಿಸ್ಕತ್ತು ಮುರಿಯುತ್ತ ಹೇಳಿದ:

“ನಮ್ಮ ಕುನಿಹೀರ ಹೊಸ ಪ್ರಭೇದ ಕಂಡುಹಿಡಿದಿದ್ದಾಳಂತೆ. ಹುಷಾರು. ನಾಳೆ ನಿಮ್ಮ ಚಹಾದಲ್ಲಿ ಬಿದ್ದ ನೊಣಕ್ಕೂ ತನ್ನ ಹೆಸರಿಡ್ತಾಳೆ.”

“ಎಲ್ಲಿ ಡಾಕ್ಟರ್,” ಎಂದಳು ಕುನಿಹೀರ, ಲೋಟ ಕೆಳಗಿಡದೆ. “ನೊಣ ಹಿಡಿದೋಳು ನಾನಾದ್ರೂ ಪುಸ್ತಕದಲ್ಲಿ ಅದು ನಿಮ್ಮ ಹೆಸರಲ್ಲೇ ಬರುತ್ತೆ.”

ಯಾರೋ ನಗು ತಡೆಯಲಾರದೆ ಕೆಮ್ಮಿದರು. ರುಸೋಕೆ ಬಿಸ್ಕತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಹೋದ.

ಅವಳು ಕಂಪಾಲಾದಲ್ಲಿದ್ದ ನಿರ್ದೇಶಕಿ ನಬ್ಬೋಸಾಗೆ ಪತ್ರ ಬರೆದಳು. ಕೇಳಿದ್ದು ಒಂದೇ: ಕಬಗೇನಿಯ ಮೂಲಮಾದರಿಯನ್ನು ನನಗೆ ತೋರಿಸಲಿ. ಒಂದು ಪ್ರಭೇದಕ್ಕೆ ಹೆಸರಿಡುವಾಗ ಯಾವ ಒಂದು ಹುಳುವನ್ನು ಮುಂದಿಟ್ಟುಕೊಂಡು ವರ್ಣಿಸಿದರೋ ಆ ಹುಳುವೇ ಮೂಲಮಾದರಿ. ಅದರ ಸೂಜಿಗೆ ಕೆಂಪು ಚೀಟಿ ಇರುತ್ತದೆ, ಹೆಸರಿನ ಹಕ್ಕು ಅದಕ್ಕೆ. ಚಿತ್ರ ತಪ್ಪಿರಬಹುದು, ಬರಹ ತಪ್ಪಿರಬಹುದು, ಹುಳು ತಪ್ಪಾಗಲಾರದು. ಆ ಬೀರುವಿನ ಬೀಗದ ಕೈ ರುಸೋಕೆಯ ಸೊಂಟದಲ್ಲಿತ್ತು. ಎರಡು ಸಲ ಕೇಳಿದಾಗಲೂ ಆತ “ಕಳೆದುಹೋಗಿದೆ” ಎಂದಿದ್ದ, ಸೊಂಟದಲ್ಲಿ ಅದು ಗಲಗಲ ಎನ್ನುತ್ತಿದ್ದರೂ.

ನಬ್ಬೋಸಾ ಮೇ ತಿಂಗಳ ಒಂದು ಮಂಗಳವಾರ ತಾನೇ ಬಂದಳು. ದಪ್ಪ ಗಾಜಿನ ಕನ್ನಡಕದ, ಸಣ್ಣ ಮಾತಿಗೆ ಸಮಯವಿಲ್ಲದ ಹೆಂಗಸು. ಬುಗಾಂಡದವಳು, ತೋರೋ ಜನರ ಮುದ್ದು ಹೆಸರುಗಳ ಗೋಜು ಅವಳಿಗಿರಲಿಲ್ಲ; ಗಂಡಸರೆಲ್ಲ ಅವಳಿಗೆ ‘ಸೆಬೋ’, ಅಂದರೆ ಸಾರ್.

“ಕೀ ಕೊಡಿ ಸೆಬೋ,” ಎಂದಳು ರುಸೋಕೆಗೆ, ಕೂರುವ ಮೊದಲೇ.

ಆತ ಬೀರು ತೆರೆದು ಪೆಟ್ಟಿಗೆ ತಂದಿಟ್ಟ. ಸೂಜಿಯ ಮೇಲೆ ಸಣ್ಣ ರಟ್ಟಿನ ತುಂಡು, ಅದರ ಮೇಲೆ ಅಂಟಿಸಿದ ಹುಳು, ಕೆಳಗೆ ಗ್ಲಿಸರಿನ್ ತುಂಬಿದ ಎಳ್ಳುಕಾಳಿನಷ್ಟು ಕೊಳವೆ, ಅದರೊಳಗೆ ಕತ್ತರಿಸಿ ತೆಗೆದ ಹೊಟ್ಟೆಯ ತುದಿ. ಅದರಡಿ ಕೆಂಪು ಚೀಟಿ. ನಬ್ಬೋಸಾ ಕೊಳವೆಯ ತುಣುಕನ್ನು ಹೊರತೆಗೆದು ನೋಡಿದಳು. ಆಮೇಲೆ ಕುನಿಹೀರಳ ಆರನ್ನೂ ಒಂದೊಂದಾಗಿ ನೋಡಿದಳು. ಎರಡು ಗಂಟೆ ಹಿಡಿಯಿತು. ರುಸೋಕೆ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ.

“ಡಾಕ್ಟರ್ ರುಸೋಕೆ, ನಿಮ್ಮ ಚಿತ್ರ ಸರಿಯಾಗಿದೆ,” ಎಂದಳು ಕೊನೆಗೆ.

ಆತ ತಿರುಗಿದ. ಮುಖದಲ್ಲಿ ನಗು ಮೂಡುತ್ತಿತ್ತು.

“ಗರಗಸದ ಕಡ್ಡಿ ಇದ್ದ ಹಾಗೇ ಬಿಡಿಸಿದ್ದೀರಿ. ಅದಕ್ಕೇ ಹೇಳ್ತಿದ್ದೀನಿ, ಈ ಆರು ಕಬಗೇನಿ ಅಲ್ಲ. ಅಜಗಜಾಂತರ ಇದೆ. ಮ್ಯಾಡಂ ಕುನಿಹೀರ ಹೇಳಿದ್ದೇ ಸರಿ, ಇದು ಹೊಸದು. ಅವರ ಹೆಸರಲ್ಲೇ ವರ್ಣನೆ ಪ್ರಕಟ ಆಗ್ಲಿ.”

ರುಸೋಕೆಯ ನಗು ಅಲ್ಲೇ ಒಣಗಿತು. “ಒಬ್ಬ ಗುಮಾಸ್ತೆ...” ಎಂದು ಶುರು ಮಾಡಿದ.

“ಹುಳಕ್ಕೆ ಡಿಗ್ರಿ ಗೊತ್ತಾಗಲ್ಲ ಸೆಬೋ. ಊಟ ಎಲ್ಲಿ?”

ಅವರಿಬ್ಬರೂ ಊಟಕ್ಕೆ ನಡೆದರು. ಮೂಲಮಾದರಿಯನ್ನು ಪೆಟ್ಟಿಗೆಗೆ ಸೇರಿಸುವ ಕೆಲಸ ಕುನಿಹೀರಳದು. ಆರು ವರ್ಷ ನುಂಗಿದ್ದಕ್ಕೆಲ್ಲ ಈ ದಿನ ಬಂತಲ್ಲ ಎಂದು ಅವಳಿಗೆ ಕೂಗಬೇಕೆನಿಸುತ್ತಿತ್ತು. ಸೂಜಿಯನ್ನು ಬೆರಳಲ್ಲಿ ಹಿಡಿದು, ಹದಿನಾಲ್ಕು ವರ್ಷ ಅವಳ ಕಣ್ಣಿಗೆ ಬೀಳದ ಆ ಹುಳುವನ್ನು ಒಮ್ಮೆ ಸರಿಯಾಗಿ ನೋಡೋಣವೆಂದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮುಖ ಅದೇ, ಕಪ್ಪು ಗೆರೆ ಅದೇ. ರೆಕ್ಕೆಯ ನರಗಳೂ ತನ್ನ ಆರರಲ್ಲಿದ್ದ ಹಾಗೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದು ಅವಳಿಗೆ ವಿಚಿತ್ರವೆನಿಸಿತು. ಅಷ್ಟು ಬೇರೆಯಾದ ಎರಡು ಪ್ರಭೇದಗಳಿಗೆ ರೆಕ್ಕೆಯ ಒಂದು ನರವಾದರೂ ಬೇರೆ ದಾರಿ ಹಿಡಿಯಬೇಡವೇ? ಸೂಜಿಯನ್ನು ಓರೆಮಾಡಿ ಹುಳುವಿನ ಅಡಿಭಾಗಕ್ಕೆ ಬೆಳಕು ಬೀಳುವಂತೆ ತಿರುಗಿಸಿದಳು.

ಎದೆಯೂ ಹೊಟ್ಟೆಯೂ ಕೂಡುವಲ್ಲಿ ಕಂದುಬಣ್ಣದ ಒಂದು ಗಂಟು ಇತ್ತು. ಅಂಟು. ಅಂಗಡಿಯ ಅಂಟಲ್ಲ. ಬಿರುಕುಬಿಟ್ಟು ಮಡಿಕೆ ಬಿದ್ದ ಮರದ ಹಾಲು.

ಅವಳು ಸೂಜಿಯನ್ನು ಕೆಳಗಿಟ್ಟಳು.

ಆ ಹುಳು ಸಿಕ್ಕ ವರ್ಷ ಕೇಂದ್ರಕ್ಕೆ ಅಂಟು ಬಂದಿರಲಿಲ್ಲ. ನಾರುಬಟ್ಟೆ ಮಾಡುವ ಅತ್ತಿಮರದ ತೊಗಟೆ ಕೊರೆದು ಹಾಲು ತೆಗೆದು, ಸಕ್ಕರೆ ಹಾಕಿ ಕಾಯಿಸಿ ಅಂಟು ಮಾಡಿಕೊಂಡವಳು ಅವಳೊಬ್ಬಳೇ. ಆಗ ಇಪ್ಪತ್ತನಾಲ್ಕು ವಯಸ್ಸು, ಕೆಲಸಕ್ಕೆ ಸೇರಿ ಐದು ತಿಂಗಳು. ಹುಳುಗಳ ತಟ್ಟೆ ಕೈಜಾರಿ ಮೇಜಿಗೆ ಬಡಿದಿತ್ತು. ಎರಡು ಹುಳುವಿನ ಹೊಟ್ಟೆ ಕಳಚಿ ಬಿದ್ದಿದ್ದವು. ಒಂದರ ಮುಂಭಾಗ ಪುಡಿಪುಡಿಯಾಗಿತ್ತು, ಇನ್ನೊಂದರದು ಚೆನ್ನಾಗಿತ್ತು. ಚೆನ್ನಾಗಿದ್ದ ಮುಂಭಾಗಕ್ಕೆ ಚೆನ್ನಾಗಿ ಕಂಡ ಹೊಟ್ಟೆಯನ್ನು ಅಂಟಿಸಿ, ಉಳಿದದ್ದನ್ನು ಊದಿ ಕಸಕ್ಕೆ ಹಾಕಿದ್ದಳು. ಯಾರಿಗೂ ಹೇಳಿರಲಿಲ್ಲ. ಮರುವಾರ ರುಸೋಕೆ ಅದೇ ತಟ್ಟೆಯಿಂದ ಒಂದು ಗಂಡನ್ನು ಎತ್ತಿ “ಇದು ಹೊಸದು ಅಬ್ವೋಲಿ, ಇದು ಹೊಸದು!” ಎಂದು ಕುಣಿದಿದ್ದ. ಆತ ಎತ್ತಿದ್ದು ಅದನ್ನೇ ಎಂದು ಅವಳಿಗೆ ಹೊಳೆದಿರಲೇ ಇಲ್ಲ.

ಅಂದರೆ ತಲೆ ಒಂದರದು, ಹೊಟ್ಟೆ ಇನ್ನೊಂದರದು. ತಲೆಯ ಕಡೆಯದು ಅವಳು ತೊರೆಯ ದಂಡೆಯಲ್ಲಿ ಹಿಡಿದ ಆರು ಹುಳುಗಳ ಜಾತಿಯದೇ. ಹೆಸರು ಮುಂಭಾಗಕ್ಕೇ ಸಲ್ಲುವುದರಿಂದ ಅವಳ ಹೊಸ ಪ್ರಭೇದವೇ ಕಬಗೇನಿ. ಓದದೆ ನೋಡದೆ ಹಟಕ್ಕೆ ಹೇಳಿದ ರುಸೋಕೆಯ ಮಾತೇ ನಿಜ.

ಕಟೂರಾಮು ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕೂತು ಕಾರೋ ಎಂಬ ರಾಗಿ ಮುದ್ದೆ ಮುರಿದು ಹುರುಳಿಕಾಯಿ ಬೀಜದ ಗೊಜ್ಜಿನಲ್ಲಿ ಅದ್ದುತ್ತಿದ್ದ. ಅವಳು ಪಕ್ಕದಲ್ಲಿ ಕುಸಿದು ಎಲ್ಲವನ್ನೂ ಹೇಳಿದಳು. ಮುದುಕ ತುತ್ತು ನಿಲ್ಲಿಸಲಿಲ್ಲ.

“ಯಾರು ನೋಡಿದ್ರು?”

“ನಾನೊಬ್ಬಳೇ.”

“ಹಾಗಾದ್ರೆ ಬಾಯಿ ಮುಚ್ಕೊಂಡು ಊಟ ಮಾಡು. ಗೆದ್ದಿದ್ದೀಯ. ಆ ಮನುಷ್ಯ ನಿನ್ನ ಹೊಟ್ಟೆ ಮೇಲೆ ಹೊಡೆದ, ಓದಿನ ಮೇಲೆ ಹೊಡೆದ. ಒಂದು ಹುಳದ ಹೊಟ್ಟೆ ಅವನ ಮೇಲೆ ಬಿದ್ರೆ ನಿನಗೇನು ಕಷ್ಟ?”

“ಅಂಟು ಹಾಗೇ ಇದೆ ಅಪೂಲಿ. ನಾಳೆ ಇನ್ಯಾರೋ ಸೂಜಿ ತಿರುಗಿಸ್ತಾರೆ.”

“ಒಂದು ತೊಟ್ಟು ಪೆಟ್ರೋಲ್ ಹಾಕು. ಅಂಟು ಬಿಡುತ್ತೆ, ಹೊಟ್ಟೆ ಬೀಳುತ್ತೆ. ಹಳೇ ಹುಳ, ಮುರಿದುಹೋಯ್ತು ಅನ್ನು. ನನ್ನ ಹತ್ರ ಲೈಟರ್‌ದು ಇದೆ, ಕೊಡ್ಲಾ?”

ಆತ ತಮಾಷೆ ಮಾಡುತ್ತಿರಲಿಲ್ಲ. ಜೇಬಿಗೆ ಕೈ ಹಾಕಿಯೇಬಿಟ್ಟಿದ್ದ. ಕುನಿಹೀರ ಆ ಕೈಯನ್ನು ನೋಡಿದಳು. ನಿಜವಾಗಿಯೂ ಬೇಕೆನಿಸಿತು. ರುಸೋಕೆ ಆ ಕಿಟಕಿಯ ಬಳಿ ಒಣಗಿದ ಮುಖ ಹೊತ್ತು ನಿಂತಿದ್ದು ಕಣ್ಣ ಮುಂದೆಯೇ ಇತ್ತು. ಆ ಮುಖವನ್ನು ಇನ್ನೂ ಹತ್ತು ವರ್ಷ ನೋಡುವ ಆಸೆ ಅವಳಿಗಿತ್ತು. ಆದರೆ ಬಾಯಿ ಬಿಡದಿದ್ದರೆ ತನ್ನ ಹೆಸರು ಕೂರುವುದು ಯಾವುದರ ಮೇಲೆ ಎಂದೂ ಗೊತ್ತಿತ್ತು. ಸಾವಿರಾರು ಚೀಟಿ ಬರೆದವಳು, ಊರು ದಿನ ಎತ್ತರ ಯಾವುದರಲ್ಲೂ ಒಂದು ಸುಳ್ಳು ಬರೆದವಳಲ್ಲ. ಆತ ಅವಳಿಂದ ಉಳಿದದ್ದನ್ನೆಲ್ಲ ಕಿತ್ತುಕೊಂಡಿದ್ದ. ಇದನ್ನೂ ಆತನ ಮೇಲಿನ ಸಿಟ್ಟಿಗಾಗಿ ಕಳೆದುಕೊಳ್ಳಬೇಕೇ?

“ನಿಮ್ಮ ಮನೆ ಹತ್ರದ ಆನೆಹುಲ್ಲಿನ ಮೇಲೂ ಇಂಥದ್ದೇ ಹಸಿರು ಹುಳ ಇತ್ತಲ್ವಾ?” ಎಂದು ಕೇಳಿದಳು.

“ಇದೆ. ಮುಖದಲ್ಲಿ ಗೆರೆ ಇಲ್ಲ. ಯಾರೂ ಕೇಳಲ್ಲ ಅಂತ ನಾನೂ ಹಿಡಿಯಲ್ಲ.”

“ಹಿಡೀರಿ. ಆ ಹೊಟ್ಟೆ ಅದರದೇ ಇರಬಹುದು. ಗಂಡು ಬೇಕು.”

“ಅಬ್ವೋಲಿ, ಹೇಳಬೇಡ,” ಎಂದ ಮುದುಕ, ಈಗ ತಟ್ಟೆ ಕೆಳಗಿಟ್ಟು. “ಅವನು ಥ್ಯಾಂಕ್ಸ್ ಹೇಳ್ತಾನೆ ಅಂದ್ಕೊಂಡ್ಯಾ? ಅಗಿದು ಮುಕ್ಕಿಬಿಡ್ತಾನೆ ನಿನ್ನ.”

“ಗೊತ್ತು.”

ಊಟ ಮುಗಿಸಿ ಬಂದ ನಬ್ಬೋಸಾ ಕೂರುವ ಮೊದಲೇ ಅವಳು ಹೇಳಿದಳು, ನಿಂತುಕೊಂಡೇ, ಒಂದೇ ಉಸಿರಿಗೆ. ನಬ್ಬೋಸಾ ಸೂಕ್ಷ್ಮದರ್ಶಕಕ್ಕೆ ಬಾಗಿ ಬಹಳ ಹೊತ್ತು ನೋಡಿದಳು. ರುಸೋಕೆಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಅವನ ಕುತ್ತಿಗೆಯ ನರ ಉಬ್ಬಿತು.

“ಹದಿನಾಲ್ಕು ವರ್ಷ. ನನ್ನ ಅಮ್ಮನ ಹೆಸರಿಗೆ ಯಾವುದೋ ಹುಳದ ಹೊಟ್ಟೆ ಅಂಟಿಸಿ, ನನ್ನ ಎದುರಿಗೇ ಓಡಾಡ್ಕೊಂಡಿದ್ದೆ ನೀನು!”

“ನೀವು ಎತ್ತಿದ್ದು ಅದನ್ನೇ ಅಂತ ಗೊತ್ತಿರಲಿಲ್ಲ.”

“ಮುರಿದಿದ್ದು ಗೊತ್ತಿತ್ತಲ್ಲ?”

“ಗೊತ್ತಿತ್ತು.”

“ಯಾಕೆ ಬಾಯಿ ಬಿಡಲಿಲ್ಲ?”

“ಅದಕ್ಕೆ ಹಿಂದಿನ ವಾರ ಒಂದು ಡಬ್ಬಿ ಬೀಳಿಸಿದ ಅಂತ ನೀವು ಒಬ್ಬನನ್ನ ಮನೆಗೆ ಕಳಿಸಿದ್ರಿ. ಅವನ ಹಿಂದೆಯೇ ನಾನೂ ಹೋಗಬೇಕಿತ್ತಾ?”

“ಕಳ್ಳಿ!”

“ನಾನು ಅಂಟಿಸಿದೆ, ಡಾಕ್ಟರ್. ನೋಡಿದ್ದು ನೀವು. ಸೂಜಿ ಒಂದು ಸಲ ತಿರುಗಿಸಿದ್ರೆ ಸಾಕಿತ್ತು. ಕೈಗೆ ಗೊತ್ತಾಗದಿದ್ರೆ ಹೋಗಲಿ, ತಲೆಗೆ ಯಾಕೆ ಗೊತ್ತಾಗಲಿಲ್ಲ? ಅಮ್ಮನ ಹೆಸರಿಡೋ ಅವಸರ ಅಲ್ವಾ?”

ರುಸೋಕೆ ಮೇಜಿನ ಮೇಲಿದ್ದ ಗ್ಲಿಸರಿನ್ ಸೀಸೆಯನ್ನು ಗೋಡೆಗೆ ಬೀಸಿ ಒಡೆದ. ಸೀಸೆಯ ಚೂರುಗಳು ಕುನಿಹೀರಳ ಚಪ್ಪಲಿಯ ಬಳಿ ಚದುರಿದವು. ಅವಳು ಕಾಲು ಹಿಂತೆಗೆಯಲಿಲ್ಲ.

“ಸಾಕು,” ಎಂದಳು ನಬ್ಬೋಸಾ. ದನಿ ಏರಿಸಲಿಲ್ಲ. “ಹುಳು ಮೇಜಿನ ಮೇಲಿದೆ. ಇನ್ನೊಂದು ವಸ್ತು ಎಸೆದರೆ ನಿಮ್ಮಿಬ್ಬರನ್ನೂ ಹೊರಗೆ ಹಾಕಿ ನಾನೇ ಬರೀತೀನಿ.” ಕನ್ನಡಕ ಒರೆಸಿಕೊಂಡಳು. “ನಿಯಮ ಸರಳ. ಹೆಸರು ಮುಂಭಾಗಕ್ಕೆ ಉಳಿಯುತ್ತೆ. ಈ ಆರೂ ಕಬಗೇನಿ. ಮ್ಯಾಡಂ, ನಿಮ್ಮ ಹೊಸ ಪ್ರಭೇದ ಇಲ್ಲ. ಸೆಬೋ, ನಿಮ್ಮ ಚಿತ್ರ ಬೇರೆ ಹುಳದ್ದು. ಈ ಹೊಟ್ಟೆ ಯಾರದು ಅನ್ನೋದು ಇನ್ನೂ ಯಾರಿಗೂ ಗೊತ್ತಿಲ್ಲ. ತಿದ್ದುಪಡಿ ಬರೀಬೇಕು. ಇಬ್ಬರೂ, ಒಟ್ಟಿಗೆ.”

“ಒಟ್ಟಿಗಾ?” ಎಂದರು ಇಬ್ಬರೂ ಏಕಕಾಲಕ್ಕೆ.

“ಒಟ್ಟಿಗೆ.”

ಕಟೂರಾಮು ಹೇಳಿದ್ದು ಸುಳ್ಳಾಗಲಿಲ್ಲ. ರುಸೋಕೆ ಅದೇ ವಾರ ದೂರು ಬರೆದ: ಮಾದರಿಗೆ ಹಾನಿ, ಹಾನಿ ಮುಚ್ಚಿಟ್ಟದ್ದು, ಮೇಲಧಿಕಾರಿಗೆ ಅವಮಾನ. ಮೊದಲ ಎರಡೂ ನಿಜವಾದ್ದರಿಂದ ನಬ್ಬೋಸಾಗೂ ತಡೆಯಲಾಗಲಿಲ್ಲ. ಕುನಿಹೀರಳನ್ನು ಮೂರು ತಿಂಗಳು ಸಂಗ್ರಹಾಲಯದಿಂದ ಹೊರಗಿಟ್ಟರು. ಅವಳು ಫೋರ್ಟ್ ಪೋರ್ಟಲ್‌ನ ಅಕ್ಕನ ಮನೆಯಲ್ಲಿದ್ದು ಬಾಳೆತೋಟದ ಕಳೆ ಕಿತ್ತಳು. “ನಿನ್ನ ಬಾಯಿಗೆ ಅದೇ ಅಂಟು ಹಚ್ಚಿಕೊಳ್ಳೋಕೆ ಏನಾಗಿತ್ತು?” ಎಂದು ಅಕ್ಕ ದಿನಾ ಬೈಯುತ್ತಿದ್ದಳು. ಕೆಲವು ದಿನ ಕುನಿಹೀರಳಿಗೂ, ಹೇಳಿ ತಪ್ಪು ಮಾಡಿದೆನೆಂದೇ ಅನಿಸುತ್ತಿತ್ತು.

ಎರಡನೆಯ ತಿಂಗಳ ಕೊನೆಗೆ ಕಟೂರಾಮು ಬಾಡಿಗೆಯ ಬೋಡಾ ಬೈಕಿನ ಹಿಂದೆ ಕೂತು ಬಂದ. ಅಂಗಿಯ ಜೇಬಿನಿಂದ ಸ್ಪಿರಿಟ್ ತುಂಬಿದ ಕೆಮ್ಮಿನ ಔಷಧಿಯ ಸೀಸೆ ತೆಗೆದ. ಒಳಗೆ ಹನ್ನೊಂದು ಹಸಿರು ಹುಳು, ಮುಖದಲ್ಲಿ ಗೆರೆ ಇಲ್ಲದವು.

“ಆನೆಹುಲ್ಲಿನವು. ಒಂಬತ್ತು ಹೆಣ್ಣು, ಎರಡು ಗಂಡು. ಮೂರು ವಾರ ಸೊಂಟ ಹೋಯ್ತು ನನ್ನದು. ಹಾಳು ಹುಲ್ಲು ಕೈಯೆಲ್ಲ ಕುಯ್ದಿದೆ, ನೋಡು.”

ಅಕ್ಕನ ಒಲೆಯ ಮೇಲೆ ಕಾಸ್ಟಿಕ್ ಕುದಿಸುವಂತಿರಲಿಲ್ಲ. ಕುನಿಹೀರ ಒಂದು ತಿಂಗಳು ಆ ಸೀಸೆಯನ್ನು ಬೀರುವಿನಲ್ಲಿಟ್ಟು, ದಿನಕ್ಕೆರಡು ಸಲ ಬೆಳಕಿಗೆ ಹಿಡಿದು ನೋಡುತ್ತ ಕಾದಳು. ಕೆಲಸಕ್ಕೆ ಮರಳಿದ ಮೊದಲ ದಿನವೇ ಕುದಿಸಿ ನೋಡಿದಳು. ಗರಗಸದ ಹಲ್ಲಿನ ಒಂದೇ ಬಾಗಿದ ಕಡ್ಡಿ. ಗೋಡೆಯ ಮೇಲಿನ ಚಿತ್ರಕ್ಕೆ ಕೊನೆಗೂ ಒಡೆಯ ಸಿಕ್ಕಿದ್ದ. ಲಂಡನ್ನಿನದು, ಬ್ರಸೆಲ್ಸಿನದು, ಎಲ್ಲ ಹಳೆಯ ಪಟ್ಟಿಗಳನ್ನೂ ಹುಡುಕಿದಳು. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.

ತಿದ್ದುಪಡಿ ಬರೆಯಲು ಐದು ವಾರ ಹಿಡಿಯಿತು. ಒಂದೇ ಮೇಜಿನ ಎರಡು ಕಡೆ ಕೂತು ಒಂದೊಂದು ಪದಕ್ಕೂ ಕಚ್ಚಾಡಿದರು. ‘ಸಿಬ್ಬಂದಿಯ ಬೇಜವಾಬ್ದಾರಿಯಿಂದ’ ಎಂದು ಆತ ಬರೆದರೆ ಅವಳು ಹೊಡೆದುಹಾಕಿ ‘ಕುನಿಹೀರ ಅಂಟಿಸಿದ್ದು, ರುಸೋಕೆ ಗಮನಿಸದೆ ವರ್ಣಿಸಿದ್ದು’ ಎಂದು ಬರೆಯುತ್ತಿದ್ದಳು.

“ನಿನ್ನ ಹೆಸರು ಯಾಕೆ ಹಾಕ್ಕೋತೀಯ? ಅಷ್ಟು ಹೆಮ್ಮೆನಾ?”

“ತಪ್ಪಿಗಾದ್ರೂ ನನ್ನ ಹೆಸರು ಪುಸ್ತಕದಲ್ಲಿ ಬರಲಿ ಡಾಕ್ಟರ್. ಅದನ್ನೂ ನೀವೇ ತಗೋತೀರಾ?”

ನಬ್ಬೋಸಾ ಆ ಸಾಲನ್ನು ಅವಳು ಬರೆದ ಹಾಗೆಯೇ ಉಳಿಸಿದಳು.

ಹೊಸ ಪ್ರಭೇದದ ಮಾತು ಬಂದಾಗ ರುಸೋಕೆ ಕುರ್ಚಿ ಹಿಂದಕ್ಕೆ ತಳ್ಳಿದ. “ಅಷ್ಟು ವರ್ಷ ನನ್ನ ಅಮ್ಮನ ಹೆಸರಿಗೆ ತಗಲಿಕೊಂಡಿದ್ದ ಹೊಟ್ಟೆ ಅದು. ನನ್ನ ಸಹಿ ಅದಕ್ಕಿಲ್ಲ. ನೀನೇ ಬರ್ಕೋ. ನಿನ್ನ ಹೆಸರನ್ನೇ ಇಟ್ಕೋ, ಕಾಯ್ತಿದ್ದೀಯಲ್ಲ.”

ಅವಳೊಬ್ಬಳೇ ಬರೆದಳು, ಹನ್ನೊಂದು ಪುಟ. ತನ್ನ ಹೆಸರಿಡುವ ಹಾಗಿರಲಿಲ್ಲ, ವರ್ಣಿಸಿದವರು ಹಾಗೆ ಮಾಡುವುದು ಅಸಹ್ಯವೆಂದು ಎಲ್ಲರೂ ಬಲ್ಲರು. ಅವಳು ಕಟೂರಾಮುವಿನ ಹೆಸರಿಟ್ಟಳು. ಹಾಳೆಯನ್ನು ಓದಿ ಹೇಳಿದಾಗ ಮುದುಕ ತಲೆ ಕೆರೆದುಕೊಂಡ.

“ಹೆಣ್ಣು ಹುಳಕ್ಕೂ ಕಟೂರಾಮು ಅಂತಲೇನಾ?”

“ಹೆಣ್ಣಿಗೂ.”

“ನನ್ನ ಹೆಂಡತಿಗೆ ಹೇಳಬೇಡ. ಒಂಬತ್ತು ಹೆಣ್ಣು ಎಲ್ಲಿಂದ ಬಂದ್ವು ಅಂತ ಶುರು ಮಾಡ್ತಾಳೆ.” ಆ ಹಾಳೆಯ ಒಂದು ಪ್ರತಿ ಕೇಳಿ, ನಾಲ್ಕಾಗಿ ಮಡಿಸಿ, ಟೋಪಿಯೊಳಗೆ ಇಟ್ಟುಕೊಂಡು ಹೋದ.

ಮುಂದಿನ ವರ್ಷ ಎರಡೂ ಲೇಖನಗಳು ಒಂದೇ ಸಂಚಿಕೆಯಲ್ಲಿ ಬಂದವು. ರುಸೋಕೆ ಗೋಡೆಯ ಚೌಕಟ್ಟನ್ನು ಇಳಿಸಿದ. ಅಲ್ಲಿ ಉಳಿದ ಬಿಳಿ ಚೌಕಕ್ಕೆ ಬೇರೇನನ್ನೂ ತೂಗುಹಾಕಲಿಲ್ಲ. ಒಂದು ಬೆಳಗ್ಗೆ ಆತ ಸಂಗ್ರಹಾಲಯಕ್ಕೆ ಬಂದು ಕಬಗೇನಿಯ ಪೆಟ್ಟಿಗೆ ಕೇಳಿದ. ಅವಳು ತೆಗೆದುಕೊಟ್ಟಳು. ಕಿಟಕಿಯ ಬಳಿ ಹೋಗಿ ಆತ ಸೂಜಿಯನ್ನು ಬೆಳಕಿಗೆ ಹಿಡಿದು, ಹೊಟ್ಟೆಯಿಲ್ಲದ ಆ ಹಸಿರು ತುಣುಕನ್ನು, ಅದರ ಕಪ್ಪು ಗೆರೆಯ ಮುಖವನ್ನು ನೋಡುತ್ತ ನಿಂತ. ಕುನಿಹೀರ ಅದನ್ನು ಕಂಡು ತನ್ನ ಚೀಟಿಗಳತ್ತ ಕಣ್ಣು ಹೊರಳಿಸಿದಳು. ಕನಿಕರ ಹುಟ್ಟಿದರೆ ಅದನ್ನು ಎಲ್ಲಿಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

“ಆ ಇನ್ನೊಂದು ಹೊಟ್ಟೆ ಇದೇ ಪೆಟ್ಟಿಗೆಯಲ್ಲಿ ಇರಬಾರದು,” ಎಂದ.

“ನಿನ್ನೆಯೇ ತೆಗೆದೆ.”

“ಕೊಳವೆ ತೊಳೆದೆಯಾ?”

“ಅದನ್ನ ಹೊಸ ಕೊಳವೆಗೆ ಹಾಕಿದೆ.”

ಆತ ಪೆಟ್ಟಿಗೆ ಮುಚ್ಚಿ ಅವಳ ಮೇಜಿನ ಅಂಚಿಗೆ ಇಟ್ಟ. ಕೈಗೆ ಕೊಡಲಿಲ್ಲ. ಹೋಗುವಾಗ ಬಾಗಿಲು ಎಳೆದುಕೊಳ್ಳಲಿಲ್ಲ. ಹೊರಗೆ ಮಳೆ ಹನಿಯುತ್ತಿತ್ತು, ತೇವ ಒಳಗೆ ನುಗ್ಗಿದರೆ ಹುಳುಗಳಿಗೆ ಬೂಸ್ಟು ಹಿಡಿಯುತ್ತದೆ. ಅವಳು ಹಲ್ಲು ಕಚ್ಚಿ ಬೈದುಕೊಳ್ಳುತ್ತ ಎದ್ದು ಬಾಗಿಲು ಹಾಕಿ, ಮುಂದಿನ ಹುಳುವನ್ನು ಸೂಜಿಗೆ ಏರಿಸಲು ಕೂತಳು.